ನಮ್ಮ ಸಣ್ಣಾಕಿ ಕಲ್ಲು ಕಲಿಲಿಕತ್ತಾಳ

ಶ್ರಾವಣದ ಮಂಗಳಗೌರಿ, ಶುಕ್ರವಾರದ ಗದ್ದಲದಾಗ ಬರಿಲಿಕ್ಕೆ ಪುರಸೊತ್ತ ಸಿಕ್ಕಿದ್ದಿಲ್ಲಾ. ಈ ಸಲೆ ಅಡಿಗಿ ಬಗ್ಗೆ ಬರಿಯೂದಿಲ್ಲಾ, ಸಿಟ್ಟಾಗಬ್ಯಾಡ್ರಿ. ಯಾಕಂದ್ರ ಈ ಶ್ರಾವಣದಾಗ ಅರಿಷಿಣ-ಕುಂಕುಮಕ್ಕ ಯಾರ ಮನಿಗೆ ಹೋದ್ರೂ ಉಡಿ ತುಂಬೋಕಿಂತ ಮೊದಲ ಒಂದ ಪ್ರಶ್ನೆ. "ನಿಮ್ಮ ಸಣ್ಣಾಕಿ ಏನ್ ಓದಲಿಕತ್ತಾಳ?" ಎಮ್.ಎಸ್ಸಿ. ಜಿಯಾಲಜಿ ಅಂದ್ರ ಒಬ್ಬರು "ಕಪ್ಪಿ ಕೊಯ್ಯೋದ?" ಅಂತಾರ. ಅದು ಝೂವಾಲಜಿ. ಇನ್ನೊಬ್ಬರು "ನಕಾಶಿ ತುಂಬೂದೇನು?" ಅಂತಾರ. ಅದು ಭೂಗೋಳ. ಮೂರನೇದವರು ಮುಖ ಸಣ್ಣ ಮಾಡಿ "ಕಲ್ಲು ಒಡಿಲಿಕ್ಕೆ ಎಮ್.ಎಸ್ಸಿ. ಯಾಕ ಬೇಕವಾ?" ಅಂತಾರ. ಒಬ್ಬೊಬ್ಬರಿಗೂ ನಿಂತು ತಿಳಿಸಿ ಹೇಳೋದ್ರಾಗ ಆರತಿ ಆರತದ. ಅದಕ್ಕ ಒಂದ ಸಲ ಕೂತು ಎಲ್ಲಾರಿಗೂ ಸೇರಿಸಿ ಬರದ ಬಿಡತೇನಿ.

ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಇಲ್ಲೆ ನಾ ಹೇಳೋದೆಲ್ಲಾ ಆಕಿ ಪರೀಕ್ಷಾ ಮುಂದ ಅಡಿಗಿ ಮನಿ ಕಟ್ಟಿ ಮ್ಯಾಲೆ ಕೂತು ಜೋರಾಗಿ ಓದುವಾಗ, ನಾ ಭಕ್ಕರಿ ಬಡಕೋತ ಕೇಳಿದ್ದು. ತಿಳೀದ್ದು ತಿರುಗಿ ಕೇಳೇನಿ. ಆಕಿಗೂ ಅದು ಅನುಕೂಲ. "ಅವ್ವಗ ತಿಳೀತಂದ್ರ ಪೇಪರ್ ತಿದ್ದೋರಿಗೂ ತಿಳೀತದ" ಅಂತಾಳ.

ಈ ಭೂವಿಜ್ಞಾನ ಅಂದ್ರ ಏನು ಅಂತ ನಾ ತಿಳ್ಕೊಂಡಿದ್ದು ಹಿಂಗ. ಭೂಮಿ ಅನ್ನೋದು ಒಂದು ಭಾಳ ಹಳೇ ವಾಡೇ ಅಂತ ತಿಳೀರಿ. ಯಾವ ಗೋಡಿ ಮೊದಲಿಂದು, ಯಾವುದು ಆಮ್ಯಾಲೆ ಎಬ್ಬಿಸಿದ್ದು, ಎಲ್ಲೆ ಸೀಳ್ಯದ, ಎಲ್ಲೆ ನೀರು ಜಿನುಗತದ, ಯಾವ ಮಾಡದಾಗ ಬಂಗಾರ ಅದ, ಇದನ್ನೆಲ್ಲಾ ಕಾಗದ-ಪತ್ರ ಒಂದೂ ಇಲ್ಲದ ಬರೇ ಗೋಡಿ ನೋಡಿ ಹೇಳೋ ವಿದ್ಯಾ ಇದು. ವಾಡೇದ ವಯಸ್ಸು ಸುಮಾರು 454 ಕೋಟಿ ವರ್ಷ. ನಮ್ಮ ಮನ್ಯಾಗ ಮೂರು ತಲಿ ಹಿಂದಿನ ಹೆಸರು ಹೇಳ್ರಿ ಅಂದ್ರ ಶ್ರಾದ್ಧದ ದಿನಾನೂ ತಡವರಸತೇವಿ, ಇವರು ಕೋಟಿ ಕೋಟಿ ವರ್ಷದ ಲೆಕ್ಕಾ ಇಡತಾರ.

ಆಕಿ ಮೊದಲನೇ ವರ್ಷ ಇದ್ದಾಗ ನಮ್ಮ ಮನಿ ಒಳಗಿನ ಕಲ್ಲಿಗೆಲ್ಲಾ ಪರೀಕ್ಷಾ ಶುರು ಆತು. ಕಲ್ಲಿನೊಳಗಿನ ಖನಿಜ ಎಷ್ಟು ಗಟ್ಟಿ ಅಂತ ನೋಡಲಿಕ್ಕೆ ಮೋಸ್ ಅನ್ನೋ ಜರ್ಮನ್ ಪಂಡಿತ 1812ರಾಗ 1ರಿಂದ 10ರ ತನಕ ಒಂದು ಅಳತಿ ಮಾಡಿಟ್ಟಾನಂತ. 1 ಅಂದ್ರ ಟಾಲ್ಕ್, 10 ಅಂದ್ರ ವಜ್ರ. ನಮ್ಮ ಉಗುರು ಸುಮಾರು ಎರಡೂವರಿ. ಅಂದ್ರ ಉಗುರಿಲೆ ಕೆರದ್ರ ಗೆರಿ ಬಿದ್ದರ ಆ ಕಲ್ಲು ಭಾಳ ಮೆತ್ತಗಿಂದು. ನಾವು ಮುಖಕ್ಕ ಹಚಗೋತಿದ್ದ ಪೌಡರ್ ಅದ ಟಾಲ್ಕಿನ ಹಿಟ್ಟು. ಅದ ಟಾಲ್ಕ್ ಇರೋ ಬಳಪದ ಕಲ್ಲಿನ ಜಾತಿಯೊಳಗ ಲಕ್ಕುಂಡಿ ಗುಡಿ ಕಟ್ಯಾರ, ಬೇಲೂರು-ಹಳೇಬೀಡೂ ಕಟ್ಯಾರ. ಮೆತ್ತಗ ಇರೋದಕ್ಕ ಅಷ್ಟು ಸಣ್ಣ ಕುಸುರಿ ಮಾಡಲಿಕ್ಕೆ ಬಂದದ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಬ್ಯಾರೆ, ಅದು ಉಸುಕಿನ ಕಲ್ಲು. ಹಳೇ ಕಾಲದಾಗ ನೀರು ತಂದು ಹಾಕಿದ ಉಸುಕು ಒತ್ತಿ ಒತ್ತಿ ಕಲ್ಲಾಗಿದ್ದು. ಕೆಲವು ಕಡೆ ನೀರಿನ ಅಲಿ ಗುರ್ತ ಇನ್ನೂ ಹಂಗ ಅದ. ನಾವು ಬನಶಂಕರಿ ಜಾತ್ರಿಗೆ ಎಷ್ಟ ಸಲ ಹೋಗೇವಿ, ಗುಹಾ ನೋಡೇವಿ, ಫೋಟೋ ತಗಸೇವಿ. ಒಬ್ಬರರ ಆ ಅಲಿ ನೋಡೇವೇನು?

ಇನ್ನ ನಮಗ ಬೇಕಾದ ಮಾತಿಗೆ ಬರತೇನಿ. ಭಾಳ ಮಂದಿ ಮನ್ಯಾಗ ಅಡಿಗಿ ಕಟ್ಟಿ ಕಡಪಾ ಕಲ್ಲಿಂದು, ಹಿತ್ತಲದಾಗ ಶಹಾಬಾದ ಫರಸಿ. ಎರಡೂ ಸುಣ್ಣದ ಕಲ್ಲಿನ ಜಾತಿ. ಸುಣ್ಣಕ್ಕ ಹುಳಿ ಆಗೂದಿಲ್ಲಾ. ಲಿಂಬೆಹಣ್ಣು ಹಿಂಡಿದ್ದು, ಹುಣಶಿಹಣ್ಣಿನ ರಸ ಚೆಲ್ಲಿದ್ದು ಹಂಗ ಬಿಟ್ಟರ ಕಲ್ಲಿನ ಮೈ ತಿಂದು ಬೆಳ್ಳಗ ಕಲಿ ಬೀಳತದ. ಆಮ್ಯಾಲೆ ಎಷ್ಟ ತಿಕ್ಕಿದ್ರೂ ಹೋಗೂದಿಲ್ಲಾ, ಯಾಕಂದ್ರ ಅದು ಕಲಿ ಅಲ್ಲ, ಕಲ್ಲ ಸವದಿರತದ. ಸಂಡಾಸ ತೊಳಿಯೋ ಆ್ಯಸಿಡ್ ಅಂತೂ ಫರಸಿ ಮ್ಯಾಲೆ ಹಾಕಲೇಬ್ಯಾಡ್ರಿ, ಬುಸುಬುಸು ನೊರಿ ಬಂದು ಮೈಯೆಲ್ಲಾ ಬರಡು ಆಗತದ. ಇವರೂ ಕಲ್ಲು ಗುರ್ತಿಸಲಿಕ್ಕೆ ಹಂಗನ ಮಾಡತಾರ, ತೆಳು ಆ್ಯಸಿಡ್ ಒಂದು ಹನಿ ಬಿಟ್ಟು ನೊರಿ ಬಂತೇನು ನೋಡತಾರ. ಗ್ರಾನೈಟ್ ಕಟ್ಟಿಗೆ ಲಿಂಬಿ ಏನೂ ಮಾಡೂದಿಲ್ಲಾ. ಅಂಗಡಿಯವರು ಕರೀ ಗ್ರಾನೈಟ್ ಅಂತ ಮಾರೋದು ಭಾಳ ಸಲ ಗ್ರಾನೈಟ್ ಅಲ್ಲವಂತ, ಡಾಲರೈಟ್ ಅನ್ನೋ ಬ್ಯಾರೆ ಕಲ್ಲಂತ. ಗಟ್ಟಿ ಅದ, ಅದಕ್ಕ ನಾವೇನೂ ತಕರಾರು ಮಾಡಬೇಕಾಗಿಲ್ಲಾ.

ದೇವರ ಮನಿ ವಿಷಯಕ್ಕ ಬಂದಾಗ ಮಾತ್ರ ನನಗ ಎದಿ ಢವಢವ ಅಂದಿತ್ತು. ನಮ್ಮ ಅತ್ತಿಯವರಿಗೆ ಎಂಬತ್ತನಾಲ್ಕು, ಮಡಿ ಭಾಳ. ಒಂದಿನ ಈಕಿ ಸ್ನಾನಾ ಮಾಡಿ ಬಂದು ಸಾಲಿಗ್ರಾಮದ ಮುಂದ ಕೂತು, ಮುಟ್ಟಲಿಲ್ಲಾ ಅನ್ನೂದೊಂದ ಸಮಾಧಾನ, "ಆಯಿ, ಇದರೊಳಗಿನ ಚಕ್ರ ಅಂದ್ರ ಅಮೋನೈಟ್ ಅನ್ನೋ ಸಮುದ್ರದ ಪ್ರಾಣಿ ಚಿಪ್ಪಿನ ಗುರ್ತ. ಸುಮಾರು 15 ಕೋಟಿ ವರ್ಷದ್ದು. ನೇಪಾಳದ ಗಂಡಕಿ ನದಿ ಮ್ಯಾಲಿನ ಹಿಮಾಲಯ ಆವಾಗ ಪರ್ವತ ಆಗಿದ್ದಿಲ್ಲಾ, ಟೆಥಿಸ್ ಅನ್ನೋ ಸಮುದ್ರದ ತಳಾ ಇತ್ತು" ಅಂತ ಶುರು ಹಚ್ಚಿದ್ಲು. ನಾ ಒಗ್ಗರಣಿ ಬಿಟ್ಟು ಓಡಿ ಬಂದೆ. ಅತ್ತಿಯವರು ಪೂರಾ ಕೇಳಿದ್ರು. ಆಮ್ಯಾಲೆ ಅಂದ್ರು, "ಮೀನಾಗಿ ಬಂದಾನ, ಆಮಿ ಆಗಿ ಬಂದಾನ, ಚಿಪ್ಪಿನ್ಯಾಗ ಬಂದ್ರ ಏನಾತು? ಸಮುದ್ರದಿಂದ ಗಂಡಕಿಗೆ ಬಂದು, ಗಂಡಕಿಯಿಂದ ನಮ್ಮ ಮನಿತನಕ ಬಂದಾನಂದ್ರ ಒಂದ ದಿನಾನೂ ಅಭಿಷೇಕ ತಪ್ಪಸಬಾರದು." ಅಲ್ಲಿಗೆ ಆ ಮಾತು ಮುಗೀತು. ಈಗ ಮನಿಗೆ ಬಂದವರಿಗೆ ಅತ್ತಿಯವರ ಹೇಳತಾರ, 15 ಕೋಟಿ ವರ್ಷದ್ದು ಅಂತ.

ನಾವು ಧಾರವಾಡದವರು ಪೇಢೆ ಅಂದ ಕೂಡಲೆ ಎದಿ ಉಬ್ಬಸತೇವಿ. ಆದ್ರ ಜಗತ್ತಿನ ಭೂವಿಜ್ಞಾನಿಗಳಿಗೆ ನಮ್ಮೂರ ಹೆಸರು ಗೊತ್ತಿರೋದು ಕಲ್ಲಿನಿಂದ. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಇಂಗ್ಲಿಷ್ ಸಾಹೇಬ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೊಳಗ ಇದ್ದಾಂವ, 1880ರ ದಶಕದಾಗ ನಮ್ಮ ಭಾಗದ ಪದರು ಪದರು ಕಲ್ಲಿನ ಪಟ್ಟಿಗಳಿಗೆ ಧಾರ್ವಾರ್ ಅಂತ ಹೆಸರಿಟ್ಟ. ಇವತ್ತಿಗೂ ಕರ್ನಾಟಕದ ಭಾಳ ಭಾಗ ಕೂತಿರೋ ಹಳೇ ಗಟ್ಟಿ ಬುನಾದಿಗೆ ಧಾರ್ವಾರ್ ಕ್ರೇಟಾನ್ ಅಂತನ ಅಂತಾರ. ಅದರ ಒಳಗಿನ ಕಲ್ಲು 300 ಕೋಟಿ ವರ್ಷಕ್ಕೂ ಹಳೇವು ಅವ. ಬೆಂಗಳೂರು ಲಾಲ್‌ಬಾಗದಾಗ ಕೆಂಪೇಗೌಡರ ಗೋಪುರ ಇರೋ ಬಂಡಿ ಅದಲ್ಲಾ, ಅದೂ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಫಲಪುಷ್ಪ ಪ್ರದರ್ಶನ ನೋಡಲಿಕ್ಕೆ ಹೋದವರು ಅದರ ಮ್ಯಾಲ ಕೂತು ಚುರುಮುರಿ ತಿಂದು ಬರತೇವಿ. ಹಂಪಿ ಗ್ರಾನೈಟ್ ಸುಮಾರು 250 ಕೋಟಿ. ವಿಜಯಪುರ-ಬೀದರ ಕಡೆ ಕರೀ ಕಲ್ಲು ಅಗದಿ ಸಣ್ಣ ವಯಸ್ಸಿಂದು, ಬರೇ 6.6 ಕೋಟಿ ವರ್ಷದ ಹಿಂದ ಹರದ ಲಾವಾ. ಅದು ಸವದನ ಆ ಕಡಿ ಎರಿ ಭೂಮಿ ಆಗಿದ್ದು, ಆ ಎರಿಯೊಳಗನ ಬಿಳಿಜ್ವಾಳ ಬರೋದು, ಅದರ ಭಕ್ಕರಿನ ನಾವು ಬಡಿಯೋದು.

ನನಗ ಭಾಳ ಸೇರಿದ್ದು ಮಲ್ಪೆ ಹಂತೇಕಿನ ಸೇಂಟ್ ಮೇರಿಸ್ ದ್ವೀಪದ ಕತಿ. ಕಡದು ಜೋಡಿಸಿಟ್ಟಂಗ ಕಂಬ ಕಂಬ ಕಲ್ಲು. ಅವು ಸುಮಾರು 8.8 ಕೋಟಿ ವರ್ಷದ ಹಿಂದ, ಮಡಗಾಸ್ಕರ್ ನಮ್ಮಿಂದ ಬ್ಯಾರೆ ಆಗೋ ಹೊತ್ತಿನ್ಯಾಗ ಬಂದ ಲಾವಾದಿಂದ ಆದವು. ಅಣ್ಣ-ತಮ್ಮ ಪಾಲಾಗುವಾಗ ನಡುವ ಗೋಡಿ ಎಬ್ಬಸತಾರ ನೋಡ್ರಿ, ಹಂಗ ಅನಿಸ್ತು ನನಗ. ಇಲ್ಲೆ ಒಬ್ಬ ಉಳಿದಾನ, ಅಂವ ಆಫ್ರಿಕಾ ಬಾಜೂಕ ಹೋಗಿ ಕೂತಾನ.

ಓದು ಹೆಂಗ ಇರತದ ಅಂತ ಕೇಳೋರಿಗೆ ಹೇಳತೇನಿ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಾಗ ಈ ವಿಭಾಗ ಅದ. ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯದಾಗೂ ಅದ, ಮಂಗಳೂರಾಗ ಸಮುದ್ರ ಭೂವಿಜ್ಞಾನ ಅಂತನ ಕಲಸತಾರ. ಖನಿಜ, ಕಲ್ಲಿನ ಜಾತಿ, ಪಳೆಯುಳಿಕೆ, ಅದಿರು, ಅಂತರ್ಜಲ, ಉಪಗ್ರಹದ ಚಿತ್ರ ಓದೋದು, ಹಿಂಗ ವಿಷಯ ಇರತಾವ. ಪ್ರಯೋಗಶಾಲಿಯೊಳಗ ಕಲ್ಲಿನ ಹಲ್ಲಿ ತಗದು, ತಿಕ್ಕಿ ತಿಕ್ಕಿ 0.03 ಮಿಲಿಮೀಟರ್ ತೆಳ್ಳಗ ಮಾಡಿ ಗಾಜಿನ ಮ್ಯಾಲೆ ಅಂಟಸತಾರ. ಅಷ್ಟು ತೆಳ್ಳಗಾತಂದ್ರ ಕಲ್ಲಿನೊಳಗಿಂದ ಬೆಳಕು ಹಾಯತದ. ಆಮ್ಯಾಲೆ ಬ್ಯಾರೆ ಥರದ ಸೂಕ್ಷ್ಮದರ್ಶಕದಾಗ ಇಟ್ಟು ತಿರುಗಿಸಿದ್ರ ಬಣ್ಣ ಬದಲಾಗತಾವ. ಆಕಿ ಮೊಬೈಲಿನ್ಯಾಗ ಫೋಟೋ ತಂದು ತೋರಿಸಿದ್ಲು. ಹೊರಗ ನೋಡಿದ್ರ ಬೂದಿ ಬಣ್ಣದ ದಗಡಾ, ಒಳಗ ನೋಡಿದ್ರ ಧರ್ಮಾವರಂ ಸೀರಿ ಸೆರಗು. ಆ ಫೋಟೋ ಈಗ ನನ್ನ ಮೊಬೈಲಿನ ಮುಖಪುಟ.

ಆದ್ರ ಖರೇ ಓದು ಇರೋದು ಹೊರಗ. ವರ್ಷಕ್ಕ ಒಂದೆರಡು ಸಲ ಕ್ಯಾಂಪ್ ಅಂತ ಗುಡ್ಡಕ್ಕ ಹೋಗತಾರ. ಹತ್ತು-ಹದಿನೈದು ದಿನ. ಸುತ್ತಿಗಿ, ಹತ್ತು ಪಟ್ಟು ದೊಡ್ಡದು ತೋರಸೋ ಸಣ್ಣ ಭೂತಗನ್ನಡಿ, ಒಂದು ವಿಶೇಷ ದಿಕ್ಸೂಚಿ, ಸರ್ವೇ ಆಫ್ ಇಂಡಿಯಾ ನಕಾಶಿ, ನೋಟಬುಕ್ಕು. ಪದರಿನ ಕಲ್ಲು ನಮ್ಮ ತಗಡಿನ ಮಾಡಿನಂಗ ಒಂದು ಕಡಿ ಬಾಗಿರತದ. ಮಳಿ ನೀರು ಮಾಡಿನ ಮ್ಯಾಲಿಂದ ಯಾವ ಕಡಿ ಇಳೀತದೋ ಆ ದಿಕ್ಕು, ಎಷ್ಟು ಇಳಿಜಾರು ಅನ್ನೋದು, ಇದನ್ನ ಅಳದು ಬರಕೋಬೇಕು. ಇಂಥಾ ನೂರು ಕಡೆ ಅಳದು ನಕಾಶಿ ಮ್ಯಾಲೆ ಹಾಕಿದ್ರ, ನೆಲದ ಕೆಳಗ ಪದರು ಹೆಂಗ ಮಡಚ್ಯಾವ ಅನ್ನೋದು ಕಾಣತದ.

ಅವ್ವಂದಿರ ಚಿಂತಿ ಬ್ಯಾರೆ ಇರತದ. ನಾ ಮೊದಲ ಕೇಳಿದ್ದು, "ಅಲ್ಲೆ ಬಚ್ಚಲ-ಸಂಡಾಸದ ವ್ಯವಸ್ಥಾ ಏನು?" ಗುಡ್ಡದಾಗ ಏನ್ ವ್ಯವಸ್ಥಾ ಇರತದ್ರಿ? ಸುರುವಿಗೆ ಹುಡುಗ್ಯಾರು ಮುಂಜಾನೆಯಿಂದ ನೀರ ಕುಡೀತಿದ್ದಿಲ್ಲಂತ, ಹೋಗೋದ ಬ್ಯಾಡಾ ಅಂತ. ಮಾರ್ಚ್ ತಿಂಗಳ ಬಿಸಿಲಿನ್ಯಾಗ! ನಾ ಫೋನಿನ್ಯಾಗ ಬೈದೆ, ಉರಿಮೂತ್ರ ಹಚಗೊಂಡು ಬಂದೀರಿ, ಮದಲ ನೀರು ಕುಡೀರಿ ಅಂದೆ. ಆಮ್ಯಾಲೆ ಅವರ ಒಂದು ದಾರಿ ಹುಡಿಕ್ಯಾರ. ನಾಲ್ಕು ಹುಡುಗ್ಯಾರು ಕೂಡಿ ಹತ್ರದ ಹಳ್ಳಿಗೆ ಹೋಗಿ, ಬಾಗಲದಾಗ ಕೂತ ಯಾವುದರ ಅಕ್ಕನ್ನ ಕೇಳೋದು. "ಇವತ್ತಿನ ತನಕ ಒಬ್ಬಾಕಿನೂ ಇಲ್ಲಾ ಅಂದಿಲ್ಲವಾ, ಮ್ಯಾಲೆ ಮಜ್ಜಗಿ ಕೊಟ್ಟು ಕಳಸ್ಯಾರ" ಅಂದ್ಲು. ತಿಂಗಳ ದಿನ ಬಂದ್ರ ಚೀಲದಾಗ ಕಾಗದದ ಪೊಟ್ಟಣ ಬ್ಯಾರೆ ಇಟಗೋತಾರ, ಗುಡ್ಡದಾಗ ಏನೂ ಒಗೀಬಾರದು ಅಂತ ತಮ್ಮೊಳಗ ಠರಾವು ಮಾಡ್ಯಾರ.

ಈಗ ಮುಂಡರಗಿ ಕಡೆ ಇರೋ ನನ್ನ ತಮ್ಮನ ಹೊಲದ ಮಾತು. ಅಂವ ಬೋರ್ ಮೂರು ಹೊಡಿಸ್ಯಾನ. ಮೊದಲನೇದ್ರಾಗ ಸ್ವಲ್ಪ ನೀರು ಅದ, ಕುಡಿಲಿಕ್ಕೆ ಆಗತದ. ಎರಡನೇದು ಧೂಳಾ. ಅದರ ಸಲುವಾಗಿ ನನ್ನ ನೆಗೆಣ್ಣಿಯಂಥಾ ನಮ್ಮ ವೈನಿ, ನಮ್ಮ ತಮ್ಮನ ಹೆಂಡತಿಗೆ ನಾ ವೈನಿ ಅಂತನ ಅಂತೇನಿ, ಪಾಟ್ಲಿ ಮಾರಿದ್ಲು. ಮೂರನೇದೂ ಧೂಳಾ. ಅದಕ್ಕ ಸೊಸೈಟಿ ಸಾಲ. ನಾಲ್ಕನೇದಕ್ಕ ಅಂವ ಮತ್ತ ಎದ್ದ ನಿಂತಿದ್ದ. ತೆಂಗಿನಕಾಯಿ ಅಂಗೈ ಮ್ಯಾಲೆ ಇಟಗೊಂಡು ನೀರು ನೋಡೋ ಹಿರಿಯರು ಬಂದು ಜಾಗಾ ತೋರಿಸಿ ಹೋಗಿದ್ರು. ಈ ಸಲೆ ವೈನಿ ಕೈಯಾಗ ಉಳದಿದ್ದು ತವರಿನ ಬಿಲ್ವಾರ ಎರಡ.

ವೈನಿ ನನಗ ಫೋನ್ ಮಾಡಿ, "ನಿನ್ನ ಮಗಳು ಭೂಮಿದ ಓದತಾಳಲ್ಲಾ, ಒಂದ ಸಲ ನೋಡಲಿ" ಅಂದ್ಲು. ಈಕಿ ಅವರ ಸರ್ ಅನುಮತಿ ತಗೊಂಡು, ಸಂಶೋಧನಾ ಮಾಡೋ ಇಬ್ಬರು ಹುಡುಗರನ್ನ ಕರಕೊಂಡು, ಮಶೀನ್ ಒಯ್ದ್ಲು. ನೆಲಕ್ಕ ನಾಲ್ಕು ಕಬ್ಬಿಣದ ಗೂಟ ಬಡೀತಾರ. ಹೊರಗಿನ ಎರಡರಾಗ ಕರೆಂಟ್ ಬಿಡತಾರ, ಒಳಗಿನ ಎರಡರಾಗ ಅಳೀತಾರ. ಗೂಟ ದೂರ ದೂರ ಸರಿಸಿದಂಗ ಇನ್ನೂ ಆಳದ ಸುದ್ದಿ ಬರತದ. ಒಣಾ ಗಟ್ಟಿ ಕಲ್ಲು ಕರೆಂಟನ್ನ ಭಾಳ ತಡೀತದ, ನೀರು ತುಂಬಿದ ಸೀಳು ಕಡಿಮಿ ತಡೀತದ. ಹಸೀ ಮಣ್ಣೂ ಕಡಿಮಿನ ತಡೀತದ, ಹಿಂಗಾಗಿ ಬರೇ ಮಶೀನ್ ನಂಬಲಿಕ್ಕೆ ಬರೂದಿಲ್ಲಾ, ಆ ಊರ ಕಲ್ಲೂ ಗೊತ್ತಿರಬೇಕು.

ಒಂದ ಮಾತು ನಾವೆಲ್ಲಾ ತಿಳಕೋಬೇಕಾದ್ದು. ನಮ್ಮ ಕಡಿ ನೆಲದ ಕೆಳಗ ನದಿ ಹರಿಯೂದಿಲ್ಲಾ. ಮ್ಯಾಲೆ ಸ್ವಲ್ಪ ಆಳದ ತನಕ ಕಲ್ಲು ಶಿಥಿಲ ಆಗಿರತದ, ಅದು ಅರಿವಿ ಒದ್ದಿ ಆದಂಗ ನೀರು ಹಿಡೀತದ. ಅದರ ಕೆಳಗ ಗಟ್ಟಿ ಬಂಡಿ. ಅಲ್ಲೆ ನೀರು ಇರೋದು ಸೀಳಿನ್ಯಾಗ ಮಾತ್ರ. ಸೀಳು ತಪ್ಪಿತಂದ್ರ ಪಕ್ಕದ ಹೊಲದಾಗ ನೀರು, ನಮ್ಮ ಹೊಲದಾಗ ಧೂಳಾ. ದೈವಾನೂ ಅಲ್ಲ, ಕಣ್ಣಬ್ಯಾನಿನೂ ಅಲ್ಲ. ಮತ್ತ ಆ ಸೀಳಿಗೆ ನೀರು ಬರೋದೂ ಮ್ಯಾಲಿನ ಮಳಿಯಿಂದನ. ಹಾಕಿದಕಿಂತ ಹೆಚ್ಚ ತಗದ್ರ ಡಬ್ಬಿ ಖಾಲಿ.

ಎರಡು ದಿನ ಅಳದು ಈಕಿ ಹೇಳಿದ್ದು, "ಮಾಮಾ, ಈ ಜಾಗಾದಾಗ ಹೊಡಸ್ರಿ ಅಂತ ನನಗ ಹೇಳಲಿಕ್ಕೆ ಬರೂದಿಲ್ಲಾ. ನಾವು ನೋಡಿದಷ್ಟರಾಗ ಕೆಳಗ ಸೀಳು ಕಾಣವಲ್ತು." ತಮ್ಮಗ ಸಿಟ್ಟು ನೆತ್ತಿಗೇರ್ತು. "ನೀರು ಇಲ್ಲಾ ಅಂತ ಹೇಳಲಿಕ್ಕೆ ಇಷ್ಟ ಓದಬೇಕಾಗಿತ್ತೇನು? ಅದನ್ನ ನನ್ನ ಎರಡು ಬೋರ್ ಹೇಳ್ಯಾವ" ಅಂದ. ಎರಡು ತಿಂಗಳು ನಮ್ಮ ಮನಿಗೆ ಫೋನ್ ಇಲ್ಲಾ. ವೈನಿ ಮಾತ್ರ ಬಿಲ್ವಾರ ಕೈಯಿಂದ ತಗೀಲಿಲ್ಲಾ. "ಓದಿದ ಹುಡುಗಿ ಇಲ್ಲಾ ಅಂದದ, ನಾ ಕೊಡೂದಿಲ್ಲಾ" ಅಂತ ಗಟ್ಟಿ ಕೂತ್ಲು. ಕಡೀಕ ಕೃಷಿ ಹೊಂಡಕ್ಕ ಸರಕಾರದ ಸಹಾಯ ತಗೊಂಡು, ಮಳಿ ನೀರು ಹರದು ಬರೋ ತಗ್ಗಿನ್ಯಾಗ ಹೊಂಡ ತಗಸಿದ್ರು. ಹ್ವಾದ ವರ್ಷ ಹಿಂಗಾರಿಗೆ ಕಡ್ಲಿಗೆ ಒಂದ ಸಲ ನೀರು ಕೊಡೋಷ್ಟು ನಿಂತಿತ್ತು. ಹೊಂಡ ಬಾವಿ ಅಲ್ಲ. ಮಳಿ ಕೈ ಕೊಟ್ಟರ ಹೊಂಡನೂ ಕೈ ಕೊಡತದ. ಆದ್ರ ಮತ್ತೊಂದು ಸಾಲ ಆಗಲಿಲ್ಲಾ, ಬಿಲ್ವಾರ ಉಳೀತು. ತಮ್ಮ ದೀಪಾವಳಿಗೆ ಬಂದು ಉಂಡು ಹ್ವಾದ. ಅದರ ಬಗ್ಗೆ ಏನೂ ಮಾತಾಡಲಿಲ್ಲಾ, ನಾವೂ ಎತ್ತಲಿಲ್ಲಾ.

ಆ ಹೊತ್ತಿನ್ಯಾಗನ ಇನ್ನೊಂದು ವಿಷಯ ಹೊರಗ ಬಂತು. ತಮ್ಮನ ಎರಡೂ ಹುಡುಗರ ಹಲ್ಲಿನ ಮ್ಯಾಲೆ ಕಂದು ಪಟ್ಟಿ. ನಾವು ಸರಿಯಾಗಿ ತಿಕ್ಕೂದಿಲ್ಲಾ ಅಂತ ಬೈಕೋತ ಬಂದಿದ್ವಿ. ಈಕಿ ನೋಡಿದ ಕೂಡಲೆ ಕುಡಿಯೋ ಬೋರಿನ ನೀರು ಬಾಟಲಿಯೊಳಗ ತಂದು ಪರೀಕ್ಷಾ ಮಾಡಿಸಿದ್ಲು. ಫ್ಲೋರೈಡ್ ಮಿತಿ ದಾಟಿತ್ತು. ಲೀಟರಿಗೆ 1.5 ಮಿಲಿಗ್ರಾಂಕಿಂತ ಹೆಚ್ಚಿರಬಾರದು. ಗ್ರಾನೈಟ್ ಜಾತಿ ಕಲ್ಲಿನ ಕೆಲವು ಖನಿಜದಾಗ ಫ್ಲೋರೈಡ್ ಇರತದ, ನೀರು ಭಾಳ ದಿನ ಕಲ್ಲಿನ ಸಂದಿಯೊಳಗ ಕೂತಷ್ಟು ಅದು ನೀರಿಗೆ ಇಳೀತದ. ಸಣ್ಣ ಹುಡುಗರಿಗೆ ಹಲ್ಲು, ವರ್ಷಗಟ್ಟಲೆ ಕುಡದ್ರ ಎಲವು-ಕೀಲು.

ಇದನ್ನ ದಯಮಾಡಿ ಲಕ್ಷ್ಯ ಇಟ್ಟು ಓದ್ರಿ. ನೀರು ಕಾಸಿದ್ರ ಫ್ಲೋರೈಡ್ ಹೋಗೂದಿಲ್ಲಾ. ಕಾಸಿದ್ರ ನೀರು ಆವಿ ಆಗಿ ಅದು ಇನ್ನಷ್ಟು ಗಟ್ಟಿ ಆಗತದ. ಬರೇ ಅರಿವಿಲೆ ಸೋಸಿದ್ರ, ಕ್ಯಾಂಡಲ್ ಫಿಲ್ಟರಿಗೆ ಹಾಕಿದ್ರ ಹೋಗೂದಿಲ್ಲಾ. ಆರ್.ಓ. ಮಶೀನಿನಿಂದ ಹೋಗತದ. ಮಳಿ ನೀರು ಸ್ವಚ್ಛ ಹಿಡಿದಿಟ್ಟರ ಅದರಾಗ ಈ ತ್ರಾಸು ಇಲ್ಲಾ. ಗದಗ, ಮುಂಡರಗಿ, ಕೊಪ್ಪಳ ಕಡೆ ನಿಮ್ಮವರು ಯಾರರ ಬೋರಿನ ನೀರ ಕುಡೀತಿದ್ರ ಒಂದ ಸಲ ಪರೀಕ್ಷಾ ಮಾಡಸ್ರಿ ಅಂತ ಹೇಳ್ರಿ. ತಮ್ಮನ ಮನ್ಯಾಗ ಈಗ ಕುಡೀಲಿಕ್ಕೆ ಊರ ಶುದ್ಧ ನೀರಿನ ಘಟಕದ್ದು ತರತಾರ. ಹುಡುಗರ ಹಲ್ಲಿನ ಪಟ್ಟಿ ಹೋಗೂದಿಲ್ಲಾ, ಆದ್ರ ಮೂರನೇದು ಕೂಸು ಅದ, ಅದಕ್ಕರ ಆಗಬಾರದು.

ಇನ್ನ ಲಗ್ನದ ಮಾತು. ನಿಮ್ಮೊಳಗ ಭಾಳ ಮಂದಿಗೆ ಅರ್ಧಾ ಗೊತ್ತದ, ಅರ್ಧಾ ಗೊತ್ತಿಲ್ಲಾ, ಪೂರಾ ನಾನ ಹೇಳತೇನಿ. ಸಂಕ್ರಮಣದ ಹೊತ್ತಿಗೆ ಒಂದು ಮನಿತನ ಬಂದಿತ್ತು. ಹುಡುಗ ಛಲೋ, ಜಾತಕ ಕೂಡಿತ್ತು, ನಮ್ಮ ಅತ್ತಿಯವರಿಗೂ ಸೇರಿತ್ತು. ಮಾತುಕತಿ ಮುಂದ ಹೋದ ಮ್ಯಾಲೆ ಅವರು ಅಂದ್ರು, "ಡಿಗ್ರಿ ಮುಗಸಲಿ, ನಮ್ಮದೇನೂ ಅಡ್ಡಿ ಇಲ್ಲಾ. ಆದ್ರ ಆಮ್ಯಾಲೆ ಈ ಗುಡ್ಡ ಹತ್ತೋದು, ಊರೂರು ತಿರಗೋದು ಬ್ಯಾಡಾ. ಬೇಕಾದ್ರ ಸಾಲಿಯೊಳಗ ಕಲಸಲಿ." ಕೆಟ್ಟ ಮಾತು ಆಡಲಿಲ್ಲಾ, ಮರ್ಯಾದಿಲೆ ಅಂದ್ರು.

ಸಣ್ಣಾಕಿ ನನ್ನ ಮುಖಾ ನೋಡಿದ್ಲು. ನನ್ನ ಪಿಯುಸಿ ರಿಸಲ್ಟ್ ಬಂದಾಗ ನಮ್ಮಪ್ಪ ಬಿ.ಎ. ಅರ್ಜಿ ಫಾರ್ಮ್ ತಂದಿದ್ರು. ಅದು ತುಂಬೋಕಿಂತ ಮೊದಲ ನನ್ನ ಲಗ್ನ ಗೊತ್ತಾತು. ಆ ಫಾರ್ಮ್ ಎಷ್ಟೋ ವರ್ಷ ನನ್ನ ಟ್ರಂಕಿನ ತಳದಾಗ ಹಾಸಿತ್ತು, ಅದರ ಮ್ಯಾಲೆ ಸೀರಿ ಇಡತಿದ್ದೆ. ನನ್ನ ಸಂಸಾರ ಛಲೋನ ಆಗ್ಯದ, ಯಾರ ಮ್ಯಾಲೂ ನನಗ ಸಿಟ್ಟಿಲ್ಲಾ. ಆದ್ರ ಈಕಿ ಫಾರ್ಮ್ ಈಕಿ ತುಂಬ್ಯಾಳ, ನಾಲ್ಕು ವರ್ಷ ಬಿಸಿಲಾಗ ಸುಟ್ಟಾಳ. ಓದಿದ್ದನ್ನ ಟ್ರಂಕಿನ ತಳದಾಗ ಹಾಸು ಅಂತ ನಾ ಹೇಳಲಾರೆ. ನಮ್ಮನಿಯವರು ನನಗಿಂತ ಮೊದಲ ಬಾಯಿ ತಗದ್ರು. "ಆಕಿ ಕಲಿತ ವಿದ್ಯಾ ಗುಡ್ಡದಾಗನ ಇರೋದು, ಮನ್ಯಾಗ ಕೂತು ಮಾಡಲಿಕ್ಕೆ ಬರೂದಿಲ್ಲಾ. ನಿಮಗ ಆಗೂದಿಲ್ಲಂದ್ರ ನಾವು ತಪ್ಪು ತಿಳಕೊಳ್ಳೂದಿಲ್ಲಾ" ಅಂದ್ರು. ಚಹಾ ಕುಡದು ಛಂದಾಗಿ ಹೋದ್ರು. ಅಷ್ಟ ಆಗಿದ್ದು. ಹುಡುಗಿನ್ನ ಅವರು ಒಲ್ಲೆ ಅಂದ್ರು ಅಂತಾಗಲಿ, ನಮ್ಮ ಹುಡುಗಿ ಮತ್ಯಾರನ್ನೋ ನೋಡಕೊಂಡಾಳ ಅಂತಾಗಲಿ ಸುದ್ದಿ ಮಾಡಬ್ಯಾಡ್ರಿ. ಇಪ್ಪತ್ನಾಲ್ಕು ಆತು ಅನ್ನೋದು ನನಗ ಗೊತ್ತದ. ರಾತ್ರಿ ನಿದ್ದಿ ಬರದ ದಿನಾನೂ ಇರತಾವ, ಸುಳ್ಳ್ಯಾಕ ಹೇಳಲಿ.

ನೌಕರಿ ಸಿಗತದೇನು ಅಂತ ಕೇಳತೀರಿ. ಇಂಜಿನಿಯರಿಂಗಿನಂಗ ಕಾಲೇಜಿಗೆ ಬಂದು ಕರಕೊಂಡು ಹೋಗೂದಿಲ್ಲಾ. ಯುಪಿಎಸ್‌ಸಿ ಭೂವಿಜ್ಞಾನಿಗಳಿಗಂತನ ಬ್ಯಾರೆ ಪರೀಕ್ಷಾ ನಡಸತದ. ಅದರಾಗ ಪಾಸಾದ್ರ 1851ರಾಗ ಶುರುವಾದ ಆ ಸರ್ವೇಕ್ಷಣಾ ಸಂಸ್ಥಾಕ್ಕರ, ಇಲ್ಲಾ ಕೇಂದ್ರ ಅಂತರ್ಜಲ ಮಂಡಳಿಗರ ಹೋಗಬಹುದು. ರಾಜ್ಯ ಸರಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಅದ, ರಾಯಚೂರು ಜಿಲ್ಲಾದ ಹಟ್ಟಿ ಬಂಗಾರದ ಗಣಿ ಅದ, ಎಣ್ಣಿ ತಗಿಯೋ ಕಂಪನಿ ಅವ. ಜಾಗಾ ಕಡಿಮಿ, ಕೂಡೋ ಮಂದಿ ಹೆಚ್ಚು. ಕೋಲಾರದ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿ 2001ರಾಗ ಮುಚ್ಚೇಬಿಟ್ಟದ. ಗಣಿ ಅಂದ್ರ ಇನ್ನೊಂದು ಮಾತು. 1952ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳನ್ನ ನೆಲದ ಒಳಗಿನ ಗಣಿ ಕೆಲಸಕ್ಕ ಇಳಸಲಿಕ್ಕೆ ಬರತಿದ್ದಿಲ್ಲಾ. 2019ರಾಗ ಕೇಂದ್ರ ಸರಕಾರ ಅದನ್ನ ಸಡಲ ಮಾಡ್ತು. ತಾಂತ್ರಿಕ, ಮೇಲ್ವಿಚಾರಣಾ ಕೆಲಸಕ್ಕ ಮುಂಜಾನೆ 6ರಿಂದ ಸಂಜಿ 7ರ ತನಕ ಅವರೂ ಒಳಗ ಇಳೀಬಹುದು ಅಂತ ಆವಾಗ ಆತು, ಆದ್ರ ಅವರು ತಾವಾಗಿ ಒಪ್ಪಿ ಬರದು ಕೊಡಬೇಕಾಗಿತ್ತು. ನಮ್ಮ ಮುಂದಿನವರಿಗೆ ಮುಚ್ಚಿದ ಬಾಗಲಾ ಈಕಿ ವಾರಗಿಯವರಿಗೆ ತಗದದ. ಹಾಯಬೇಕೋ ಬ್ಯಾಡೋ ಅವರ ನೋಡಕೋತಾರ.

ಯಾರ ಮನ್ಯಾಗರ ಹುಡುಗಿ ಸೈನ್ಸ್ ತಗೊಂಡು, ಡಾಕ್ಟರ್-ಇಂಜಿನಿಯರ್ ಸೀಟು ಸಿಗಲಿಲ್ಲಾ ಅಂತ ಮುಖಾ ಬಾಡಿಸಿಕೊಂಡು ಕೂತಿದ್ರ ಇದೂ ಒಂದು ಓದು ಅದ ಅಂತ ಹೇಳ್ರಿ. ಸೀಟು ಸಿಗಲಿಲ್ಲಾ ಅಂತ ತಗೊಳ್ಳೋದಲ್ಲ, ನಡೀಲಿಕ್ಕೆ ಬ್ಯಾಸರಿಲ್ಲದ, ಬಿಸಿಲಿಗೆ ಕರ್ರಗಾಗಲಿಕ್ಕೆ ಅಂಜದ, ಕಲ್ಲ ಕಂಡಲ್ಲೆ ಬಗ್ಗಿ ನೋಡೋ ಹುಡುಗಿ ಇದ್ರ ತಗೊಳ್ಳಲಿ. ನಮ್ಮ ಮನಿಗೆ ಕಳಸ್ರಿ, ಸಣ್ಣಾಕಿ ಕೂಡಿಸಿ ಹೇಳತಾಳ. ಬಂದವರಿಗೆ ಚಹಾ-ಚೂಡಾ ನನ್ನ ಕಡಿಂದ.

ಚೌತಿ ಮುಗದ ಮ್ಯಾಲೆ ಆಕೀದು ಚಿತ್ರದುರ್ಗದ ಕಡೆ ಕ್ಯಾಂಪ್. ಅಲ್ಲೆ ಮರಡಿಹಳ್ಳಿ ಹತ್ರ ಸಮುದ್ರದ ನೀರಾಗ ಉಕ್ಕಿದ ಲಾವಾ ದಿಂಬು ದಿಂಬಾಗಿ ಕಲ್ಲಾಗ್ಯದಂತ, ಅದೂ ರಾಷ್ಟ್ರೀಯ ಸ್ಮಾರಕ. ಹನ್ನೆರಡು ದಿನಕ್ಕ ಕೆಡದಂಗ ಏನೇನ ಕಟ್ಟಬೇಕು ಅಂತ ಯಾದಿ ಮಾಡಿಟ್ಟೇನಿ: ಖಟಕ ಭಕ್ಕರಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮಡಕಿಕಾಳಿನ ಚೂಡಾ. ಸುತ್ತಿಗಿ ಹಿಡಿ ಸಡಲಾಗಿತ್ತು, ನಮ್ಮನಿಯವರು ನಿನ್ನೆನ ಬಡಗ್ಯಾರ ಕಡೆ ಒಯ್ದು ಗಟ್ಟಿ ಮಾಡಿಸಿಕೊಂಡು ಬಂದಾರ.